ಸೂರ್ಯನ ಮುಚ್ಚಳ

ನಡುಮನೆಯಲ್ಲಿ ಉದ್ದನೆಯ ಎರಡು ವಸ್ತುಗಳಿದ್ದವು. ಒಂದು, ಕುರ್ಚಿಗಳ ಮೇಲೆ ಮಲಗಿಸಿದ್ದ ಶವಪೆಟ್ಟಿಗೆ. ಇನ್ನೊಂದು, ಅದರ ತಲೆಯ ಕಡೆ ನಿಲ್ಲಿಸಿದ್ದ ದೂರದರ್ಶಕ. ಪೆಟ್ಟಿಗೆಯ ಮುಚ್ಚಳದಲ್ಲಿ ಮುಖದಗಲದ ಒಂದು ಗಾಜು. ಗಾಜಿನ ಕೆಳಗೆ ಒನೋಫ್ರೆ ಅಲ್ಫಾರೊ: ನುಣ್ಣಗೆ ಬೋಳಿಸಿದ ಗಲ್ಲ, ಬದುಕಿದ್ದಾಗ ಎಂದೂ ಕಟ್ಟದ ಟೈ. ದೂರದರ್ಶಕದ ಬಾಯಿ ಮಣ್ಣಿನ ಚಾವಣಿಯತ್ತ ತೆರೆದಿತ್ತು. ಅದರ ಅಂಚಿನ ಸುತ್ತ, ವರ್ಷಗಟ್ಟಲೆ ಅಂಟಿಸಿ ಕಿತ್ತ ಟೇಪಿನ ಗೋಂದು ಧೂಳು ಕುಡಿದು ಕಂದಾಗಿತ್ತು. ಕಿಟಕಿಯ ಬಿಸಿಲು ಮೊದಲು ಮೇಣದ ಬತ್ತಿಗಳನ್ನು ಮಂಕಾಗಿಸಿ, ಆಮೇಲೆ ಗಾಜಿಗೇರಿ, ಸತ್ತವನ ಮುಖವನ್ನು ಅಳಿಸಿ ಅಲ್ಲಿ ಹೊರಗಿನ ದ್ರಾಕ್ಷಿ ಚಪ್ಪರವನ್ನು ಬರೆದಿತ್ತು.

ಅವನ ಹೆಂಡತಿ ಎರ್ಸಿಲಿಯಾ ಒದ್ದೆ ಬಟ್ಟೆಯಿಂದ ಆ ಗೋಂದನ್ನು ಉಜ್ಜುತ್ತಿದ್ದಳು. ಅದು ಹೋಗುತ್ತಿರಲಿಲ್ಲ.

“ಬಿಡಿ ದೋನ್ಯಾ ಎರ್ಸಿಲಿಯಾ, ಅದು ಅವರ ಗುರುತು,” ಎಂದರು ದೋನ್ ಹಸಿಂತೊ. ಹಿಂದೆ ಔಷಧಿ ಅಂಗಡಿ ಇಟ್ಟಿದ್ದವರು, ಈಗ ಊರಿನ ಖಗೋಳ ಸಂಘದ ಅಧ್ಯಕ್ಷರು. ದೂರದರ್ಶಕದ ಕೊಳವೆಗೆ ಕಪ್ಪು ರಿಬ್ಬನ್ ಕಟ್ಟುತ್ತಿದ್ದರು. “ಅವರು ಟೇಪು ಸುತ್ತೋದು ನೋಡಿದ್ರೆ ನಗು ಬರ್ತಿತ್ತು. ಕಾಲು ಮುರಿದವನಿಗೆ ಪಟ್ಟಿ ಕಟ್ಟೋ ಹಾಗೆ, ಸುತ್ತಿದ್ದೇ ಸುತ್ತಿದ್ದು.”

ಎರ್ಸಿಲಿಯಾ ಉಜ್ಜುತ್ತಲೇ ಇದ್ದಳು.

“ಮಣ್ಣು ಮಾಡಿ ಬಂದ್ಮೇಲೆ ಸಂಜೆ ಚೌಕದಲ್ಲಿ ನಕ್ಷತ್ರ ತೋರಿಸೋದು ಮಾಮೂಲಿನಂತೆ ನಡೀಲಿ ಅಂತ ಸಂಘದೋರೆಲ್ಲ ಅಂದ್ರು. ನಿಲ್ಲಿಸಿದ್ರೆ ಆ ಪುಣ್ಯಾತ್ಮ ಎದ್ದು ಬಂದು ಬೈತಾರೆ. ಇನ್ಮೇಲೆ ಈ ದುರ್ಬೀನಿಗೆ ಅವರದೇ ಹೆಸರು. ಪೆಟ್ಟಿಗೆ ಎತ್ತೋಕೆ ಮುಂಚೆ ನೀವು ಎರಡು ಮಾತು ಆಡ್ಬೇಕು.”

“ನಂಗೆ ಮಾತು ಬರಲ್ಲ.”

“ಮಾತು ಬರಲ್ವಂತೆ!” ಎಂದಳು ಕಾಫಿಯ ತಟ್ಟೆ ಹಿಡಿದು ಬಂದ ಪಕ್ಕದ ಮನೆಯ ಮಿರೇಯಾ. “ಮಾಂಸದಂಗಡಿಯವನ ಹತ್ರ ಒಂದು ಮೂಳೆಗೆ ಅರ್ಧ ಗಂಟೆ ಜಗಳ ಆಡೋಳು!”

ಗೋಡೆಯುದ್ದಕ್ಕೂ ಕುಳಿತವರು ನಕ್ಕು, ಪೆಟ್ಟಿಗೆಯ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ಹೊಸಿಲಲ್ಲಿ, ಕಪ್ಪು ಕನ್ನಡಕ ತೊಟ್ಟ ಹೆಂಗಸೊಬ್ಬಳು ಬಂದು ನಿಂತಳು. ಕರಾವಳಿಯ ಕೊಕಿಂಬೊದಿಂದ ಬಸ್ಸಿನಲ್ಲಿ ಬಂದ ಅವಳ ಬೂಟಿನ ಮೇಲೆ ಕಣಿವೆಯ ಧೂಳಿತ್ತು.

“ಯಾರದು?”

“ಎರ್ಸಿಲಿಯಾ ತಂಗಿ ಮಗಳಲ್ವಾ, ನೊಲ್ವಿಯಾ. ಚಿಕ್ಕೋಳಿದ್ದಾಗ ದುರ್ಬೀನಿನ ಮುಚ್ಚಳ ಕಿತ್ತು ಕಣ್ಣು ಸುಟ್ಕೊಂಡ್ಲಲ್ಲ, ಅವಳು.”

“ಓ, ಆ ತುಂಟಿ.”

*

ವರ್ಷಗಳ ಹಿಂದಿನ ಆ ದಿನವೂ ಚೌಕದಲ್ಲಿ ನಕ್ಷತ್ರ ತೋರಿಸುವ ಸಂಜೆ. ಜನ ಕತ್ತಲಾಗುವ ಮೊದಲೇ ಬಂದು ಸೇರುತ್ತಿದ್ದುದರಿಂದ ಒನೋಫ್ರೆ ಅವರಿಗೆ ಮೊದಲು ಸೂರ್ಯನ ಕಲೆಗಳನ್ನು ತೋರಿಸುತ್ತಿದ್ದ. ಚಂದ್ರ, ಶನಿ, ನಕ್ಷತ್ರಗಳೆಲ್ಲ ಆಮೇಲೆ.

“ದುರ್ಬೀನು ಅಂದ್ರೆ ಬಕೆಟ್ಟು ಕಣ್ರೋ,” ಎನ್ನುತ್ತಿದ್ದ. “ಮಳೆ ಹಿಡಿಯೋಕೆ ಅಗಲ ಬಾಯಿಂದು ಇಡಲ್ವಾ? ಹಾಗೇ.”

“ನಮ್ಮೂರಲ್ಲಿ ಮಳೆ ಯಾವಾಗಪ್ಪಾ ಬಿತ್ತು?”

“ಅದಕ್ಕೇ ಬೆಳಕು ಹಿಡೀತಾ ಇರೋದು!”

ಸೂರ್ಯನನ್ನು ನೋಡುವಾಗ ಮಾತ್ರ ಆ ಬಕೆಟ್ಟಿನ ಬಾಯಿಗೆ ಬೆಳ್ಳಿಯಂತೆ ಹೊಳೆಯುವ ತೆಳುಹಾಳೆಯ ಮುಚ್ಚಳ ಹಾಕಬೇಕು. ಇಲ್ಲವಾದರೆ ಹಿಡಿದ ಬೆಳಕೆಲ್ಲ ಒಂದೇ ಬಿಂದುವಾಗಿ, ತಳದಲ್ಲಿ ಕಾದಿರುವ ಕಣ್ಣನ್ನು ಸುಡುತ್ತದೆ. ಮುಚ್ಚಳವಿಟ್ಟು ಅದರ ಅಂಚಿಗೆ ಟೇಪು ಅಂಟಿಸುವುದು ಒನೋಫ್ರೆಯ ರೂಢಿ. ಅಂದು ಸಾಲು ನೂಕುತ್ತಿತ್ತು. ಒಬ್ಬರು ನೋಡಿಯಾಗಲಿ, ಆಮೇಲೆ ಅಂಟಿಸಿದರಾಯಿತು ಎಂದುಕೊಂಡ.

ಆ ಒಬ್ಬರು, ದ್ರಾಕ್ಷಿ ಪೆಟ್ಟಿಗೆಯ ಮೇಲೆ ನಿಂತಿದ್ದ ನೊಲ್ವಿಯಾ. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು.

ಸಮುದ್ರದ ಕಡೆಯಿಂದ ದಿನವೂ ಕಣಿವೆಯನ್ನೇರಿ ಬರುವ ಗಾಳಿ ಆ ಹೊತ್ತಿಗೇ ಬಂತು. ಮುಚ್ಚಳ ಹಾರಿ ಚೌಕದ ಕಲ್ಲುಗಳ ಮೇಲೆ ತಟ್ಟೆಯಂತೆ ಉರುಳಿತು. ಆಮೇಲೆ ಕೇಳಿಸಿದ್ದು ಮಗುವಿನ ಕಿರುಚಾಟ.

“ಮಗು ಕೈ ಹಾಕಿ ಎಳೀತಾ?” ಎಂದು ಹಸಿಂತೊ ಕೇಳಿದರು. ಒನೋಫ್ರೆ ನೆಲ ನೋಡಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಶ್ನೆಯೇ ಉತ್ತರವಾಗಿ ಊರೆಲ್ಲ ಹಬ್ಬಿತ್ತು. ತಪ್ಪು ಮಗುವಿನದಾದ್ದರಿಂದ ಚೌಕದ ಸಂಜೆಗಳನ್ನು ಯಾರೂ ನಿಲ್ಲಿಸಲಿಲ್ಲ.

ಆಸ್ಪತ್ರೆಯಿಂದ ಮರಳಿದವನು ಅಡುಗೆಮನೆಯಲ್ಲಿ ನಿಂತೇ ಹೆಂಡತಿಗೆ ಹೇಳಿದ್ದ: “ನಾನು ಟೇಪು ಅಂಟಿಸಿರ್ಲಿಲ್ಲ.”

“ನಾಳೆ ಎಲ್ಲರಿಗೂ ಹೇಳಿದ್ರಾಯ್ತು,” ಎಂದಿದ್ದಳು ಎರ್ಸಿಲಿಯಾ. “ಮೊದಲು ಊಟ ಮಾಡು.”

*

“ಊಟ ಮಾಡ್ತೀಯಾ? ಕೋಳಿ ಸಾರಿದೆ, ಜೋಳದ ತೆನೆ ಹಾಕಿದ್ದು,” ಎಂದಳು ಈಗಲೂ, ಅದೇ ಅಡುಗೆಮನೆಯಲ್ಲಿ.

“ಬೇಡ ದೊಡ್ಡಮ್ಮ.” ನೊಲ್ವಿಯಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಇವತ್ತು ನೀನು ಮಾತಾಡ್ತೀಯಂತೆ?”

“ಹಸಿಂತೊ ಬಿಡ್ತಿಲ್ಲ.”

“ಹಾಗಾದ್ರೆ ಅದನ್ನ ಹೇಳು.”

ಎರ್ಸಿಲಿಯಾ ಸಾರಿನೊಳಗೆ ಸೌಟು ಆಡಿಸಿದಳು. “ಯಾವುದನ್ನ?”

“ಅವತ್ತು ನನ್ನ ಒಂದು ಕೈಯಲ್ಲಿ ನೀನು ಮನೆಯಿಂದ ಕಟ್ಟಿಕೊಟ್ಟ ಬ್ರೆಡ್ಡಿತ್ತು. ಇನ್ನೊಂದು ಕೈಯಲ್ಲಿ ಟೋಪಿ ಹಿಡ್ಕೊಂಡಿದ್ದೆ, ಹಾರಿಹೋಗುತ್ತೆ ಅಂತ. ಮುಚ್ಚಳ ಕೀಳೋಕೆ ಮೂರನೇ ಕೈ ಎಲ್ಲಿಂದ ತರ್ಲಿ?”

ಸೌಟು ನಿಂತಿತು.

“ಅಮ್ಮ ಸಾಯೋವಾಗ್ಲೂ ಕೇಳಿದ್ಲು, ಯಾಕೆ ಕಿತ್ತೆ ಮಗಳೇ ಅಂತ. ಹೌದಮ್ಮ, ಕಿತ್ತೆ, ತಪ್ಪಾಯ್ತು ಅಂದ್ಬಿಟ್ಟೆ. ಸಾಯೋರ ಹತ್ರ ಏನು ವಾದ ಮಾಡೋದು?” ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. “ಹೀಗೆ, ಬರೀ ಸುಟ್ಟ ಕಣ್ಣಲ್ಲಿ ನೋಡಿದ್ರೆ ನಿನ್ನ ಕೂದಲಿದೆ, ಕಿವಿಗಳಿವೆ. ನಡುವೆ ಮುಖ ಇಲ್ಲ. ಯಾರನ್ನ ನೋಡಿದ್ರೂ ಮುಖ ಇಲ್ಲ.”

“ನಿನ್ನ ದೊಡ್ಡಪ್ಪ ದಿನಾ ಕೊರಗ್ತಿದ್ದ, ಕಂದಾ.”

“ಗೊತ್ತು. ವರ್ಷವರ್ಷ ನನ್ನ ಹುಟ್ಟುಹಬ್ಬಕ್ಕೆ ದ್ರಾಕ್ಷಿ ತರೋನು. ಬಾಗಿಲಲ್ಲೇ ನಿಂತು ಬಾಯಿ ತೆಗೆಯೋನು. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾಯ್ತಿದ್ದೆ. ‘ಈ ಸಲ ಸಿಹಿ ಇದೆ’ ಅನ್ನೋನು.” ಅವಳು ಕೈ ಇಳಿಸಿದಳು. “ನಿನ್ನ ಹತ್ರ ಹೇಳದೆ ಇದ್ದಿರಲ್ಲ. ಇನ್ನು ಉಳಿದಿರೋಳು ನೀನೊಬ್ಳೇ. ಅಳೋದು ಬೇಡ, ಕ್ಷಮೆ ಕೇಳೋದೂ ಬೇಡ. ಇವರೆಲ್ಲರ ಮುಂದೆ ಒಂದು ಸಲ ಹೇಳು. ಸಾಕು.”

“ಹೇಳ್ತೀನಿ,” ಎಂದಳು ಎರ್ಸಿಲಿಯಾ.

*

ಪೆಟ್ಟಿಗೆ ಹೊರುವವರು ಬಂದು ನಿಂತಿದ್ದರು. ಹಸಿಂತೊ ಟೋಪಿಯನ್ನು ಎದೆಗವಚಿಕೊಂಡು ಮಾತಾಡಿದರು. ಈ ಕಣಿವೆಯ ಮಕ್ಕಳಿಗೆಲ್ಲ ಶನಿಯ ಬಳೆ ತೋರಿಸಿದ ಕೈ ಇದು ಎಂದರು. “ಇಷ್ಟು ವರ್ಷದಲ್ಲಿ ಆಗಿದ್ದು ಒಂದೇ ಒಂದು ಅನಾಹುತ. ಅದೂ ಅರಿಯದ ಮಗುವಿನ ಚೇಷ್ಟೆ. ಒನೋಫ್ರೆ ಎದೆಗುಂದಲಿಲ್ಲ.”

ಎರ್ಸಿಲಿಯಾ ಎದ್ದಳು. ಅಡುಗೆಮನೆಯ ಬಾಗಿಲವಾಡಕ್ಕೆ ಒರಗಿ ನಿಂತಿದ್ದ ನೊಲ್ವಿಯಾಳನ್ನು ನೋಡಿದಳು.

“ಅವತ್ತು ನನ್ನ ಗಂಡ ಟೇಪು ಅಂಟಿಸಿರ್ಲಿಲ್ಲ,” ಎಂದಳು. “ಹುಡುಗಿ ಏನೂ ಕೀಳ್ಲಿಲ್ಲ.”

ಯಾರದೋ ಕಾಫಿ ಬಟ್ಟಲು ತಟ್ಟೆಗೆ ತಗುಲಿ ಸದ್ದಾಯಿತು. ಮಿರೇಯಾ ಧಾವಿಸಿ ಬಂದು ಅವಳ ಭುಜ ತಬ್ಬಿಕೊಂಡಳು.

“ಪಾಪ, ನಿದ್ದೆ ಮಾಡಿ ಎಷ್ಟು ಹೊತ್ತಾಯ್ತೋ! ಏನೇನೋ ಬಡಬಡಿಸ್ತಿದಾಳೆ. ನೀರು ತನ್ರೋ.”

“ತಂಗಿ ಮಗಳ ಮೇಲಿನ ಮಮತೆ ನೋಡಿ,” ಎಂದಿತು ಇನ್ನೊಂದು ಧ್ವನಿ. “ಸತ್ತ ಗಂಡನ ತಲೆಗೇ ಕಟ್ತಾಳೆ.”

ಹಸಿಂತೊ ಹತ್ತಿರ ಬಂದರು. ಅವರ ಮುಖ ಬಿಳಿಚಿತ್ತು. ಧ್ವನಿ ಮಾತ್ರ ಔಷಧಿ ಅಂಗಡಿಯ ಕಾಲದ ಮೃದು ಧ್ವನಿ. “ದೋನ್ಯಾ, ನೀವು ಅವತ್ತು ಚೌಕದಲ್ಲಿರ್ಲಿಲ್ಲ. ನಾನಿದ್ದೆ. ದುಃಖದಲ್ಲಿ ಮನಸ್ಸು ಇಲ್ಲದ್ದನ್ನೆಲ್ಲ ಕಲ್ಪಿಸುತ್ತೆ. ಅಲ್ವಾ?”

ಅವನೇ ನನ್ನ ಮುಂದೆ ನಿಂತು ಹೇಳಿದ್ದ ಎನ್ನಬೇಕಿತ್ತು, ಅಷ್ಟೇ. ಎಲ್ಲರೂ ಕಾದರು, ಹೊರುವವರ ಕೈಗಳು ಕಾದವು. ಬಿಸಿಲು ಗಾಜಿನಿಂದ ಸರಿದು ಹೋಗಿ ಒನೋಫ್ರೆಯ ಮುಖ ಈಗ ನಿಚ್ಚಳವಾಗಿ ಕಾಣುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಎರ್ಸಿಲಿಯಾ ಗಾಜಿನ ಮೇಲೆ ಅಂಗೈ ಇಟ್ಟಳು.

“ಇರಬಹುದು,” ಎಂದಳು.

ಕೋಣೆ ಉಸಿರು ಬಿಟ್ಟಿತು. ಕೊನೆಯ ಸಲ ಮುಖ ನೋಡುವವರ ಸಾಲು ಬೆಳೆಯಿತು. ಚೌಕದಲ್ಲಿ ನಿಲ್ಲುತ್ತಿದ್ದವರೇ, ಅದೇ ತಾಳ್ಮೆಯಿಂದ ಒಬ್ಬೊಬ್ಬರಾಗಿ ಬಂದು ಗಾಜಿನ ಮೇಲೆ ಬಾಗಿದರು. ನೊಲ್ವಿಯಾ ಸಾಲಿಗೆ ಸೇರಲಿಲ್ಲ. ಕನ್ನಡಕ ಹಾಕಿಕೊಂಡು, ದಾರಿ ಬಿಡಿ ಎಂದು ಯಾರನ್ನೂ ಕೇಳದೆ, ಗೋಡೆಯ ಪಕ್ಕದಿಂದಲೇ ನಡೆದಳು.

“ನೊಲ್ವಿಯಾ,” ಎಂದಳು ಎರ್ಸಿಲಿಯಾ, ಜನರ ಬೆನ್ನುಗಳ ಆಚೆಯಿಂದ. “ಸಾರು ಕಟ್ಟಿಕೊಡ್ತೀನಿ, ಇರು…”

ಬಾಗಿಲು ಮುಚ್ಚಿಕೊಂಡಿತು.