ಸೋತ ದಿನದ ಮೀನು

ಶವಪೆಟ್ಟಿಗೆ ಮೈದಾನದ ತಿರುಗುಗೇಟಿನಲ್ಲಿ ಸಿಕ್ಕಿಕೊಂಡಿತು.

"ಹಿಂದಕ್ಕೆಳೀರೋ!" ತಲೆಯ ಕಡೆ ಹೆಗಲು ಕೊಟ್ಟಿದ್ದ ನಾರ್ಮನ್ ಕೂಗಿದ. "ದೊಡ್ಡ ಗೇಟು ಅಲ್ಲೇ ತೆರೆದಿದೆಯಲ್ಲ!"

"ನಮ್ಮಣ್ಣ ಜೀವಮಾನವೆಲ್ಲ ಈ ಗೇಟು ಕಾದೋನು. ಹಾಲಿನ ಗಾಡಿ ಥರ ಪಕ್ಕದಿಂದ ಹೋಗ್ಬೇಕಾ?" ಎಂದ ಸ್ಟ್ಯಾನ್. ಸತ್ತ ಹೆರಾಲ್ಡನಿಗೆ ತಮ್ಮ, ರೋವರ್ಸ್ ಫುಟ್‌ಬಾಲ್ ತಂಡದ ಅಭಿಮಾನಿ ಸಂಘಕ್ಕೆ ಅಧ್ಯಕ್ಷ.

"ನಿಮ್ಮಣ್ಣ ಯಾರನ್ನೂ ಪುಕ್ಕಟೆ ಒಳಗೆ ಬಿಟ್ಟೋನಲ್ಲ. ಈಗ ಗೇಟು ಅವನನ್ನೂ ಬಿಡ್ತಿಲ್ಲ, ನ್ಯಾಯವಾಗೇ ಇದೆ."

ಎಲ್ಲರೂ ನಕ್ಕರು. ಹೆರಾಲ್ಡನ ಹೆಂಡತಿ ಮೇವಿಸ್ ನಗಲಿಲ್ಲ. ಅವಳ ಕಣ್ಣು ಪ್ರೇಕ್ಷಕರ ಸ್ಟ್ಯಾಂಡಿನ ಕೆಳಗೆ ಪಂದ್ಯಕ್ಕೆ ಬಾಜಿ ಕಟ್ಟಿಸಿಕೊಳ್ಳುವ ಕಿಟಕಿಯ ಮೇಲಿತ್ತು. ಕಿಟಕಿಯ ಹುಡುಗಿ ಶೆರಿಲ್ ಕಪ್ಪು ಕೋಟು ಹಾಕಿಕೊಂಡು ಹೊರಗೆ ನಿಂತಿದ್ದಳು.

ಕ್ಲೇ ಲೇನ್ ಮೈದಾನದಲ್ಲಿ ಗೇಟು ಕಾದವರು ಸತ್ತರೆ ಪೆಟ್ಟಿಗೆಯನ್ನು ಗೆರೆಯುದ್ದಕ್ಕೂ ಒಂದು ಸುತ್ತು ಹೊರುತ್ತಾರೆ. ರೋವರ್ಸ್ ಸೋಲುತ್ತದೆ ಎಂದು ಬಾಜಿ ಕಟ್ಟಿದವನಿಗೆ ಮಾತ್ರ ಆ ಸುತ್ತಿಲ್ಲ. ಸ್ಟ್ಯಾನನೇ ಮುಂದೆ ನಿಂತು ಮಾಡಿಸಿದ ನಿಯಮ. ಶೆರಿಲ್ ಬಾಯಿ ಬಿಟ್ಟರೆ ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸು.

ಜೇಡಿಮಣ್ಣಿನ ಗುಂಡಿ ತುಂಬಿಸಿ ಮಾಡಿದ ಮೈದಾನ ಅದು, ಇವತ್ತಿಗೂ ಕಾಲುವೆ ಕಡೆ ವಾಲಿದೆ. ಒಂದು ಮಳೆಯಲ್ಲಿ ಗೋಲ್‌ಕೀಪರ್ ಕಾಲುವೆಗೇ ಜಾರಿಹೋಗಿ, ಕಲ್ಲಿದ್ದಲ ದೋಣಿ ಹತ್ತಿ ಎರಡನೇ ಅರ್ಧಕ್ಕೆ ವಾಪಸು ಬಂದನಂತೆ. ಯುದ್ಧದಲ್ಲಿ ಜರ್ಮನ್ ಬಾಂಬು ನೆಟ್ಟಗೆ ಗೋಲಿನೊಳಗೇ ಬಿತ್ತು; ಆ ವರ್ಷ ಅಲ್ಲಿ ಬಿದ್ದ ಗೋಲು ಅದೊಂದೇ. ಕೊನೆಗೆ ಕ್ಲಬ್ಬಿಗೆ ಗತಿಯಿಲ್ಲದೆ ಸ್ಟ್ಯಾಂಡಿನ ಕೆಳಗಿನ ಚಹಾದಂಗಡಿ ಎಬ್ಬಿಸಿ ಬಾಜಿ ಕಿಟಕಿ ಇಟ್ಟರು. "ಚರ್ಚಿನೊಳಗೆ ಹೆಂಡದಂಗಡಿ!" ಎಂದು ಮೊದಲು ಕೂಗಾಡಿದವನು ಹೆರಾಲ್ಡ್.

*

ಕಿಟಕಿ ಇಟ್ಟ ವರ್ಷವೇ, ರೋವರ್ಸ್ ಸೋತ ಒಂದು ಶನಿವಾರ ಹೆರಾಲ್ಡ್ ಕರಿದ ಮೀನು, ಆಲೂಗಡ್ಡೆ ಕಟ್ಟಿಸಿಕೊಂಡು ಬಂದ.

"ಸೋತಿದ್ದಕ್ಕೆ ಹಬ್ಬಾನಾ?" ಎಂದಳು ಮೇವಿಸ್.

"ಬೇಜಾರಿಗೆ ಕಣೇ."

ಮುಂದಿನ ವಾರ ಗೆದ್ದರು. ಬ್ರೆಡ್ಡು, ಚೀಸು. ಮತ್ತೆ ಸೋತರು. ಮೀನು. ಮೇವಿಸ್ ಫೋರ್ಕು ಕೆಳಗಿಟ್ಟಳು.

"ನಿಜ ಹೇಳು."

ಹೆರಾಲ್ಡ್ ತಟ್ಟೆ ನೋಡುತ್ತ ಹೇಳಿದ. "ಸೋಲ್ತಾರೆ ಅಂತ ಬಾಜಿ ಕಟ್ತೀನಿ. ಗೆಲ್ಲಲಿ ಅಂತ ಕೂಗ್ತೀನಿ, ಅದು ಸುಳ್ಳಲ್ಲ. ಆದ್ರೆ ಗೆಲ್ಲಲ್ಲ ಅಂತ ಗೊತ್ತಲ್ಲ."

"ಥೂ, ನಾಚಿಕೆಗೆಟ್ಟೋನೆ!" ಎಂದಳು ಮೇವಿಸ್. ಆಮೇಲೆ ಮೀನು ಆರಿಹೋಗುತ್ತೆ ಎಂದು ತಿಂದಳು.

ಅಲ್ಲಿಂದ ಮುಂದೆ ಶನಿವಾರ ರೇಡಿಯೊ ಪಕ್ಕ ಕೂತು, ಎದುರಾಳಿಗಳು ಗೋಲು ಹೊಡೆದ ಕೂಡಲೇ ಎದ್ದು ಎರಡು ತಟ್ಟೆ ಬಿಸಿಯಾಗಲೆಂದು ಓವನ್ನಿನೊಳಗಿಡುತ್ತಿದ್ದಳು. ಅದನ್ನು ಹೆರಾಲ್ಡನಿಗೂ ಹೇಳಿರಲಿಲ್ಲ.

*

ಪೆಟ್ಟಿಗೆ ಕೊನೆಗೂ ದೊಡ್ಡ ಗೇಟಿನಿಂದಲೇ ಬಂತು. ಸುತ್ತು ಮುಗಿಯುವಷ್ಟರಲ್ಲಿ ಸ್ಟ್ಯಾನ್ ಬಾಜಿ ಕಿಟಕಿಯ ಮುಂದೆ ನಿಂತುಬಿಟ್ಟ.

"ಇವತ್ತಾದ್ರೂ ಮುಚ್ಚಮ್ಮ ತಾಯಿ. ನಮ್ಮಣ್ಣ ಈ ಕಡೆ ತಿರುಗಿ ನೋಡಿದೋನಲ್ಲ."

ಶೆರಿಲ್ ಮೇವಿಸಳ ಮುಖ ನೋಡಿದಳು.

"ಮುಚ್ತೀನಿ ಸ್ಟ್ಯಾನಣ್ಣ," ಎಂದಳು ಶೆರಿಲ್. "ಹೇಗೂ ಬೆಳಿಗ್ಗೇನೇ ಎಲ್ಲರೂ ಬಂದು ಕಟ್ಟಿಹೋಗಿದ್ದಾರೆ. ಸಂಜೆ ದುಡ್ಡು ಕೊಡೋಕೆ ತೆಗೆದ್ರಾಯ್ತು."

ಹೊತ್ತವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಪೆಟ್ಟಿಗೆ ಕಾಲುವೆ ಕಡೆ ಸ್ವಲ್ಪ ವಾಲಿತು.

ಹೂಳಿ ಬಂದಮೇಲೆ ಕ್ಲಬ್ಬಿನ ಕೋಣೆಯಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ರೋವರ್ಸ್ ಅವತ್ತು ಬೇರೆ ಊರಿನಲ್ಲಿ ಆಡುತ್ತಿತ್ತು. ರೇಡಿಯೊ ಹೇಳಿತು: ಮೂರು ಗೋಲಿನಿಂದ ಸೋತರು.

ಸ್ಟ್ಯಾನ್ ಮೇಜು ಗುದ್ದಿದ. "ಅಣ್ಣ ಇದ್ದಿದ್ರೆ ಎದೆ ಒಡ್ಕೋತಿದ್ದ!"

"ಹೂಂ," ಎಂದಳು ಮೇವಿಸ್.

ಕಿಟಕಿ ತೆರೀಬೇಕು ಎಂದು ಶೆರಿಲ್ ಮೊದಲು ಎದ್ದಳು. ನಾರ್ಮನ್‌ಗೆ ಮನೆಯಲ್ಲಿ ನಾಯಿ ಒಂಟಿಯಾಗಿತ್ತು. ಇನ್ನೊಬ್ಬನಿಗೆ ಬಾಯ್ಲರ್ ಕೆಟ್ಟಿತ್ತು. "ಅತ್ತಿಗೆ, ನಂಗೂ ಸ್ವಲ್ಪ ತಲೆನೋವು," ಎಂದು ಸ್ಟ್ಯಾನನೂ ಹೋದ. ಚಹಾ ಆರುವುದರೊಳಗೆ ಕೋಣೆ ಖಾಲಿ.

ಮೇವಿಸ್ ಒಬ್ಬಳೇ ಕಪ್ಪುಗಳನ್ನು ತೊಳೆದಿಟ್ಟು ಮನೆ ಕಡೆ ನಡೆದಳು. ಮೂಲೆಯ ಕರಿದ ಮೀನಿನಂಗಡಿಯ ಮುಂದೆ ಉದ್ದನೆಯ ಸಾಲಿತ್ತು. ಎಲ್ಲರದೂ ಕಪ್ಪು ಟೈ. ಎಲ್ಲರ ಕೋಟಿನ ಕಾಲರೂ ಮೇಲೆ. ಒಬ್ಬೊಬ್ಬನೂ ಮುಂದಿನವನ ಕತ್ತು ನೋಡುತ್ತ ನಿಂತಿದ್ದ. ಎಲ್ಲರಿಗಿಂತ ಮುಂದೆ ಸ್ಟ್ಯಾನ್.

ಅವನು ತಿರುಗಿದವನು ಅತ್ತಿಗೆಯನ್ನು ಕಂಡ. ಕಿವಿ ಕೆಂಪಾಯಿತು. ಟೋಪಿ ತೆಗೆದು ಪಕ್ಕಕ್ಕೆ ಸರಿದ. ಅವನ ಹಿಂದಿದ್ದವನೂ ಸರಿದ, ಅವನ ಹಿಂದಿದ್ದವನೂ. ಸಾಲಿಗೆ ಸಾಲೇ ಗೋಡೆಗೆ ಒತ್ತಿ ನಿಂತಿತು.

ಮೇವಿಸ್ ಕಾಲರು ಮೇಲೆತ್ತಿಕೊಂಡು ಅವರೆಲ್ಲರನ್ನೂ ದಾಟಿ ಮುಂದೆ ಹೋದಳು. ಅಂಗಡಿಯವನು ಏನೂ ಕೇಳದೆ ಎರಡು ಮೀನು ಕಟ್ಟಿದ. ಒಂದು ಸಾಕು ಎಂದು ಅವಳು ಹೇಳಲಿಲ್ಲ.