ರನ್‌ವೇ ಮೇಲೆ ಕಾಕಂಬಿ

ಕ್ಲೆಮ್ ಹ್ಯಾರಿಗನ್ ಎಂದರೆ ಓಡುವ ಹೋರಿಯ ಬಾಲ ಹಿಡಿದು ಕೆಡವುವ ಗಂಡಸು. ಬಚ್ಚಲಲ್ಲಿ ಸೇರಿಕೊಂಡಿದ್ದ ಮಾರುದ್ದದ ಹಾವನ್ನು ಕೈಯಲ್ಲೇ ಎತ್ತಿ ಹೊರಗೆ ಬಿಟ್ಟು, ಬಂದು ಬಾಕಿ ಸ್ನಾನ ಮುಗಿಸಿದವನು. ವಿಲ್ಗಾ ಡೌನ್ಸ್ ಎಂಬ ಆ ದನದ ಎಸ್ಟೇಟಿನಲ್ಲೂ ಅದರ ನೆರೆಹೊರೆಯಲ್ಲೂ ಅವನ ಧೈರ್ಯದ್ದೇ ಮಾತು. ನೆರೆಹೊರೆ ಎಂದರೆ ಅಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ಮನೆ. ಅಷ್ಟು ದೂರಕ್ಕೂ ಹಬ್ಬಿದ ಹೆಸರನ್ನು ಉಳಿಸಿಕೊಳ್ಳುವುದು ಈಗ ಅವನಿಗೆ ಪ್ರಾಣಸಂಕಟವಾಗಿತ್ತು. ಎಡದವಡೆಯ ಹಲ್ಲು ಹುಳುಕು ಹಿಡಿದು ಕೆನ್ನೆ ಬನ್ನಿನಂತೆ ಊದಿತ್ತು. ಹಲ್ಲಿನ ಡಾಕ್ಟರು ಆ ದಿನವೇ ವಿಮಾನದಲ್ಲಿ ಅಲ್ಲಿಗೇ ಬಂದಿಳಿಯುವವರಿದ್ದರು. ಹಲ್ಲಿನ ಡಾಕ್ಟರೆಂದರೆ ಸಾಕು, ಕ್ಲೆಮ್‌ನ ಕೈಕಾಲು ತಣ್ಣಗಾಗುತ್ತಿತ್ತು. ಈ ಗುಟ್ಟು ಅವನ ಹೆಂಡತಿ ನೋಲೀನ್‌ಗೂ ಗೊತ್ತಿರಲಿಲ್ಲ.

ಸದ್ದಿಲ್ಲದೆ ಹೋಗಿ ಹಲ್ಲು ಕೀಳಿಸಿಕೊಂಡು ಬರೋಣವೆಂದರೆ ಆ ಅನುಕೂಲವೂ ಆ ಸೀಮೆಯಲ್ಲಿಲ್ಲ. ಡಾಕ್ಟರು ಬರುವ ದಿನ ಯಾವುದೋ ಒಂದು ಎಸ್ಟೇಟಿನ ಜಗುಲಿಯಲ್ಲಿ ಕುರ್ಚಿ ಹಾಕುತ್ತಾರೆ. ಅಕ್ಕಪಕ್ಕದವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಬಂದು, ಚಹಾ ಕುಡಿಯುತ್ತ, ಯಾರು ಚೀರಿದರು ಯಾರು ಚೀರಲಿಲ್ಲ ಎಂದು ನೋಡುತ್ತ ಕೂರುತ್ತಾರೆ. ಸಿನಿಮಾ ಇಲ್ಲದ ಕಡೆ ಅದೇ ಸಿನಿಮಾ. ಹೋದ ಸಲ ಕುರ್ಚಿಯಲ್ಲಿ ಕಣ್ಣೀರು ಹಾಕಿದ ಲಾರಿ ಡ್ರೈವರನ್ನು ಜನ ಇವತ್ತಿಗೂ ಎಸ್ಟೇಟುಗಳ ನಡುವೆ ಮಾತಾಡುವ ರೇಡಿಯೋದಲ್ಲಿ ಕರೆದು, "ಪಾಪು ಎದ್ದಿದೆಯಾ? ಹಾಲು ಕುಡೀತಾ?" ಎಂದು ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಕ್ಲೆಮ್‌ನೇ ಮೊದಲಿಗ.

ಅದಕ್ಕೇ ಅವನು ತಲೆ ಓಡಿಸಿದ. ಅಲ್ಲಿ ರನ್‌ವೇ ಎಂದರೆ ಕೆಂಪು ಮಣ್ಣನ್ನು ಕೆರೆದು ಮಟ್ಟ ಮಾಡಿದ ಬಯಲು, ಅಷ್ಟೇ. ವಿಮಾನ ಬರುವ ಮೊದಲು ಮನೆಯವರೊಬ್ಬರು ಪಿಕಪ್ ತೆಗೆದುಕೊಂಡು ಹೋಗಿ, ಈ ತುದಿಯಿಂದ ಆ ತುದಿಗೆ ಓಡಿಸಿ, ಅಡ್ಡ ನಿಂತ ಕಾಂಗರೂ, ದನ ಎಲ್ಲವನ್ನೂ ಅಟ್ಟಬೇಕು. ಆ ಕೆಲಸ ಮೊದಲಿಂದಲೂ ಕ್ಲೆಮ್‌ನದು. ದನ ನಿಂತಿದ್ದರೆ ವಿಮಾನ ಇಳಿಯುವುದಿಲ್ಲ. ಮುಂದಿನ ಎಸ್ಟೇಟಿಗೆ ಹೋಗುತ್ತದೆ. ತನ್ನ ಹಲ್ಲು ತನ್ನ ಬಾಯಲ್ಲೇ ಇರುತ್ತದೆ, ತನ್ನ ಹೆಸರು ಊರ ಬಾಯಲ್ಲೇ ಇರುತ್ತದೆ. ಬೆಳಿಗ್ಗೆ ಯಾರೂ ಏಳುವ ಮೊದಲೇ ಅವನು ದನಗಳಿಗೆ ನೆಕ್ಕಲು ಹಾಕುವ ಸಿಹಿ ಕಾಕಂಬಿಯ ಪೀಪಾಯಿಯನ್ನು ಪಿಕಪ್ಪಿಗೆ ಏರಿಸಿ, ರನ್‌ವೇ ಉದ್ದಕ್ಕೂ ಧಾರೆ ಬಿಟ್ಟು, ಏನೂ ಅರಿಯದ ಹಸುಗೂಸಿನ ಹಾಗೆ ಬಂದು ಮಲಗಿದ.

ಬಿಸಿಲೇರುವ ಹೊತ್ತಿಗೆ ಅಂಗಳದ ತುಂಬ ಗಾಡಿಗಳು. ನೋಲೀನ್ ಕುಂಬಳಕಾಯಿ ಹಾಕಿದ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ಬೇಯಿಸಿ ಮೇಜಿನ ಮೇಲೆ ಗುಡ್ಡೆ ಹಾಕಿದ್ದಳು. ಎಲ್ಲರಿಗಿಂತ ಮುಂದಿನ ಕುರ್ಚಿ ಹಿಡಿದು ಕೂತವಳು ಡಲ್ಸಿ ಅತ್ತೆ. ಅವಳ ಜನ ಆ ನೆಲದಲ್ಲಿ ಎಲ್ಲರಿಗಿಂತ ಮೊದಲಿಂದ ಇದ್ದವರು. ಪ್ರಾಯದಲ್ಲಿ ದನದ ಹಿಂಡು ಹೊಡೆದುಕೊಂಡು ಅರ್ಧ ದೇಶ ಸುತ್ತಿದವಳು ಈಗ ಸುತ್ತಿನವರಿಗೆಲ್ಲ ಅತ್ತೆಯಾಗಿದ್ದಳು. ಬಾಯಲ್ಲಿ ಉಳಿದಿದ್ದ ಎರಡು ಮೂರು ಹಲ್ಲಿನಲ್ಲೂ ನೋವು ತುಂಬಿಕೊಂಡು ಅವಳು ತಿಂಗಳುಗಟ್ಟಲೆ ಈ ದಿನಕ್ಕೆ ಕಾದಿದ್ದಳು.

"ಏನೋ ಕ್ಲೆಮ್, ಕೆನ್ನೇಲಿ ಕೋಳಿಮೊಟ್ಟೆ ಬಚ್ಚಿಟ್ಕೊಂಡಿದೀಯಾ?" ಎಂದಳು.

"ಜೇನು ಕಚ್ತು, ಅತ್ತೆ."

"ಒಳಗಿಂದ ಕಚ್ತಾ?"

ಅಷ್ಟರಲ್ಲಿ ಒಳಗೆ ರೇಡಿಯೋ ಕಿರುಗುಟ್ಟಿತು. ನೋಲೀನ್ ಸೌಟು ಹಿಡಿದೇ ಹೊರಗೆ ಓಡಿಬಂದಳು. "ಕ್ಲೆಮ್! ರನ್‌ವೇ ತುಂಬ ದನ ಅಂತೆ! ಪೈಲಟ್ ವಿನ್ಸ್ ಬಾಯ್ಬಾಯಿ ಬಡ್ಕೋತಿದಾನೆ. ಅಟ್ಲಿಲ್ವಾ ನೀನು?"

"ಅಟ್ಟಿದ್ದೆ ಕಣೇ. ಹಾಳಾದವು ತಿರುಗಿ ಬಂದಿರ್ಬೇಕು."

"ಹೋಗಿ ಮತ್ತೆ ಅಟ್ಟು! ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯಾ?"

ಕ್ಲೆಮ್ ತೋರಿಕೆಗೆ ಎರಡು ಸಲ ಹಾರನ್ ಹೊಡೆದು ಬಂದರಾಯಿತೆಂದು ಪಿಕಪ್ ಹತ್ತಿದ. ಆದರೆ ಪಾಪ, ಅವನ ಬುದ್ಧಿಗೆ ಒಂದು ಸಂಗತಿ ಹೊಳೆದೇ ಇರಲಿಲ್ಲ. ದಿನಾ ಕಾಕಂಬಿ ತರುವುದು ಇದೇ ಪಿಕಪ್. ದನಗಳಿಗೆ ಅದರ ಹಾರನ್ ಎಂದರೆ ಊಟದ ಗಂಟೆ. ಒಮ್ಮೆ ಹೊಡೆದ, ನೆಲ ನೆಕ್ಕುತ್ತಿದ್ದವು ತಲೆಯೆತ್ತಿದವು. ಇನ್ನೊಮ್ಮೆ ಹೊಡೆದ, ಆಚೆ ಪೊದೆಗಳಲ್ಲಿ ಮಲಗಿದ್ದವೂ ಬಾಲ ಎತ್ತಿಕೊಂಡು ಓಡಿಬಂದವು. ಅಟ್ಟಲು ಹೋದವನ ಸುತ್ತ ದನಗಳ ಸಂತೆ ಸೇರಿತು. ಒಂದು ಕರು ಕಿಟಕಿಯೊಳಗೆ ಮೂತಿ ತೂರಿಸಿ ಅವನ ಊದಿದ ಕೆನ್ನೆಯನ್ನೇ ನೆಕ್ಕಿತು. ಕ್ಲೆಮ್‌ನ ಕಣ್ಣಲ್ಲಿ ನೀರು ಬಂತು.

ಪಿಕಪ್ಪಿನ ರೇಡಿಯೋದಲ್ಲಿ ವಿನ್ಸ್‌ನ ದನಿ. "ಕ್ಲೆಮ್, ಏನಯ್ಯಾ ಇದು, ದನ ಅಟ್ತಿದೀಯೋ ಸಭೆ ಸೇರಿಸ್ತಿದೀಯೋ?"

"ಇವತ್ತು ಆಗಲ್ಲ ಅನ್ಸತ್ತೆ ವಿನ್ಸ್. ನೀನು ಮುಂದಿನ ಎಸ್ಟೇಟಿಗೆ ಹೋಗ್ಬಿಡು."

"ಹೇಗೆ ಹೋಗ್ಲಿ? ಎದುರು ಗಾಳಿಗೆ ಇಂಧನ ಎಲ್ಲಾ ಮುಗಿದುಹೋಗಿದೆ. ನಿಮ್ಮಲ್ಲೇ ತುಂಬಿಸ್ಕೋಬೇಕು. ಇನ್ನೊಂದೆರಡು ಸುತ್ತು ಹೊಡೀತೀನಿ, ಆಮೇಲೆ ದೇವರಿದ್ದಾನೆ."

ಅವನ ಮಾತಿನ ಹಿಂದೆ ಇನ್ನೊಂದು ದನಿ ಕೇಳಿಸುತ್ತಿತ್ತು. ಹೆಂಗಸಿನ ಸಣ್ಣ ದನಿ, ನಡುಗುತ್ತ, "ಪನಾಯಿಯಾ, ಪನಾಯಿಯಾ" ಎಂದು ಒಂದೇ ಸಮನೆ ಜಪಿಸುತ್ತಿತ್ತು.

"ಅದ್ಯಾರು?" ಎಂದ ಕ್ಲೆಮ್.

"ನಮ್ಮ ಡೆಸ್ಪಿನಾ ಡಾಕ್ಟ್ರು. ಗ್ರೀಕರಲ್ವಾ, ಮೇರಿ ಮಾತೇನ ಕರೀತಿದಾರೆ. ವಿಮಾನ ಅಂದ್ರೆ ಅವರಿಗೆ ಆಗಲ್ಲ. ಪ್ರತಿ ಸಲ ಇಳಿಯೋವಾಗ ಇದೇ ಪಾಡು. ಇವತ್ತು ನಿನ್ನ ದನ ನೋಡಿ ಒಂಚೂರು ಜಾಸ್ತಿ."

ಕ್ಲೆಮ್‌ಗೆ ಆ ನಡುಕ ಚೆನ್ನಾಗಿ ಗೊತ್ತಿತ್ತು. ಹಿಂದಿನ ರಾತ್ರಿಯೆಲ್ಲ ಹಾಸಿಗೆಯಲ್ಲಿ ಅವನೂ ಹಾಗೆಯೇ ನಡುಗಿದ್ದ. ಇನ್ನು ನಾಟಕವಾಡಲು ಮನಸ್ಸು ಬರಲಿಲ್ಲ. ಅಟ್ಟಿದರೆ ಹೋಗದ ದನ ಕರೆದರೆ ಬರುತ್ತವಲ್ಲ ಎಂದುಕೊಂಡು ಹಾರನ್ನಿನ ಮೇಲಿಂದ ಕೈ ತೆಗೆಯದೆ ಪಿಕಪ್ಪನ್ನು ರನ್‌ವೇಯಿಂದ ಆಚೆ ತಿರುಗಿಸಿದ. ಹಿಂದೆ ಇಡೀ ಹಿಂಡು ಮದುವೆ ದಿಬ್ಬಣದಂತೆ ಹೊರಟಿತು. ಆ ಕಡೆ ತೆರೆದಿದ್ದ ಗೇಟು ಒಂದೇ, ಅದು ಮನೆಯ ಅಂಗಳದ್ದು. ಕ್ಲೆಮ್ ಅದರೊಳಗೆ ನುಗ್ಗಿದ. ಧೂಳೆದ್ದು, ಮಕ್ಕಳು ಕಿರುಚಿ, ಒಗೆದು ಹರವಿದ್ದ ಬಟ್ಟೆಗಳು ಕೊಂಬಿಗೆ ಸಿಕ್ಕಿ ಮೆರವಣಿಗೆ ಹೊರಟವು. ನೋಲೀನ್ ಸೌಟು ಬೀಸುತ್ತಿದ್ದಂತೆಯೇ ಸ್ಕೋನ್‌ಗಳ ಗುಡ್ಡೆ ಮಾಯವಾಯಿತು. ಡಲ್ಸಿ ಅತ್ತೆ ಮಾತ್ರ ಕೂತಲ್ಲಿಂದ ಏಳದೆ, ತನ್ನ ತಟ್ಟೆಗೆ ಬಾಯಿ ಹಾಕಿದ ಹಸುವಿನ ಮೂಗಿಗೆ ಒಂದು ಬಿಟ್ಟಳು. ಅತ್ತ ವಿಮಾನ ಇಳಿಯಿತು.

ಡೆಸ್ಪಿನಾ ಡಾಕ್ಟರು ವಿನ್ಸ್‌ನ ತೋಳು ಹಿಡಿದು ಬಂದು, ರೋಗಿಗೆಂದು ಹಾಕಿದ್ದ ಕುರ್ಚಿಯಲ್ಲಿ ತಾವೇ ಕುಸಿದು ಕೂತರು. ಸಣ್ಣ ಆಳು, ಮುಖ ಸುಣ್ಣ ಬಳಿದಂತಿತ್ತು. ನೋಲೀನ್ ಕೊಟ್ಟ ಚಹಾ ಅರ್ಧ ಬಸಿಯಲ್ಲಿ, ಅರ್ಧ ಉಡುಪಿನ ಮೇಲೆ.

"ದಯವಿಟ್ಟು ತಪ್ಪು ತಿಳ್ಕೋಬೇಡಿ," ಎಂದರು ಡಾಕ್ಟರು. "ಇದು ಹೇಡಿಗಳ ಕೆಲಸ ಅಲ್ಲ. ನಂಗಾಗ್ತಿಲ್ಲ. ಇವತ್ತು ಬಂದವರನ್ನ ನೋಡ್ಬಿಟ್ಟು, ವಾಪಸ್ ಹೋಗಿ ಈ ಕೆಲಸಾನೇ ಬಿಟ್ಬಿಡ್ತೀನಿ. ಯಾರಾದ್ರೂ ಧೈರ್ಯವಂತರು ಬರ್ಲಿ."

ಈ ಸೀಮೆಗೆ ಬರಲು ಒಪ್ಪಿದ ಡಾಕ್ಟರು ಇವರೊಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ಇವರಿಗಿಂತ ಮೊದಲು ಹಲ್ಲುನೋವಿಗೆ ಇಕ್ಕಳ, ರಮ್ಮು, ಇಬ್ಬರು ಬಲವಾದ ಆಳು, ಅಷ್ಟೇ ಔಷಧಿ. ಡಲ್ಸಿ ಅತ್ತೆ ದವಡೆ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಅತ್ತೆ ಮಾತಿಲ್ಲದೆ ಕೂತದ್ದನ್ನು ಕ್ಲೆಮ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು.

"ಹೇಡಿ ನೀವಲ್ಲ ಡಾಕ್ಟ್ರೇ, ನಾನು," ಎಂದ. "ದನ ತಾವಾಗೇ ಬರ್ಲಿಲ್ಲ. ನಾನೇ ರನ್‌ವೇಗೆ ಕಾಕಂಬಿ ಹುಯ್ದಿದ್ದೆ."

"ಏನಂದೆ?" ನೋಲೀನ್‌ಳ ಸೌಟು ಮೇಲೆದ್ದಿತು.

"ವಿಮಾನ ಇಳೀಬಾರ್ದು ಅಂತ. ಹಲ್ಲು ಕೀಳಿಸ್ಕೊಳ್ಳೋಕೆ ಭಯ."

ಡಲ್ಸಿ ಅತ್ತೆ, "ಹಾಗಾದ್ರೆ ಜೇನು ಒಳಗಿಂದ್ಲೇ ಕಚ್ಚಿದ್ದು ಅನ್ನು," ಎಂದಳು. ಜಗುಲಿಯ ತಗಡಿನ ಮಾಡು ಹಾರಿಹೋಗುವಂತೆ ಜನ ನಕ್ಕರು. ಲಾರಿ ಡ್ರೈವರಂತೂ ಕಂಬ ತಬ್ಬಿಕೊಂಡು, "ಪಾಪು! ಪಾಪು!" ಎಂದು ಕೂಗಿ ಕೂಗಿ ಸುಸ್ತಾದ.

ಡಾಕ್ಟರು ಕ್ಲೆಮ್‌ನನ್ನು ಕೆಳಗಿಂದ ಮೇಲಿನ ತನಕ ನೋಡಿದರು. "ನನಗೆ ಹೆದರಿದ್ರಾ? ನಾನು ನಿಮ್ಮ ಭುಜಕ್ಕೂ ಬರಲ್ಲ."

"ನಿಮ್ಮ ಎತ್ತರಕ್ಕಲ್ಲ ಡಾಕ್ಟ್ರೇ. ನಿಮ್ಮ ಇಕ್ಕಳಕ್ಕೆ."

ಅವರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕುರ್ಚಿಯಿಂದ ಎದ್ದು ತೋಳು ಮಡಚಿದರು. "ಬನ್ನಿ," ಎಂದರು. "ಮೊದಲ ಹಲ್ಲು ನಿಮ್ದೇ."

ಕ್ಲೆಮ್ ಕೂತ, ಚೀರಿದ. ಮರಗಟ್ಟಿಸುವ ಸೂಜಿ ಡಬ್ಬಿಯಿಂದ ಹೊರಗೆ ಬರುವ ಮೊದಲೇ ಚೀರಿದ. ಅಂಗಳದ ದನಗಳು ಇನ್ನೊಂದು ಹಾರನ್ನೆಂದು ಜಗುಲಿಯತ್ತ ಓಡಿಬಂದವು.

ಸಂಜೆ ಎಲ್ಲರ ಬಾಯಿ ನೋಡಿ ಮುಗಿದು, ವಿಮಾನಕ್ಕೆ ಇಂಧನವೂ ತುಂಬಿದ ಮೇಲೆ ಡಾಕ್ಟರು ವಿಮಾನದ ಮೆಟ್ಟಿಲಿಗೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲಾರದೆ ನಿಂತರು. ಬಾಯಿಗೆ ಹತ್ತಿ ತುರುಕಿಕೊಂಡಿದ್ದ ಕ್ಲೆಮ್ ಅದನ್ನು ನೋಡಿ ಟೋಪಿ ಎತ್ತಿಕೊಂಡು ಹೊರಟ.

"ಎಲ್ಲಿಗೆ?" ಎಂದಳು ನೋಲೀನ್.

"ಮುಂದಿನ ಎಸ್ಟೇಟಿಗೆ. ಜೊತೇಲಿ ಕೂರೋಕೆ ಒಬ್ರು ಬೇಕು ಅವರಿಗೆ."

"ವಾಪಸ್ ಬರೋದು ಹೇಗೋ ಮಾರಾಯ? ಈ ಕಡೆ ಗಾಡಿ ಬರೋಕೆ ವಾರಾನೇ ಆಗ್ಬಹುದು."

"ಬರ್ತೀನಿ ಬಿಡು. ಅಲ್ಲೀತನಕ ನೀನು ಅಂಗಳ ಸಾರಿಸು."

ನೋಲೀನ್ ಸೌಟು ಎಸೆದಳು. ಅದು ತಗಲುವ ಮೊದಲು ಕ್ಲೆಮ್ ವಿಮಾನದೊಳಗಿದ್ದ.

ಅಷ್ಟು ಪುಟ್ಟ ವಿಮಾನದಲ್ಲಿ ಅವನು ಎಂದೂ ಕೂತಿರಲಿಲ್ಲ. ನೆಲ ಬಿಟ್ಟ ಕೂಡಲೇ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ. ಕೆಳಗೆ ತನ್ನ ಮನೆ, ದನ, ತಾನು ಹುಟ್ಟಿದಾಗಿನಿಂದ ದೊಡ್ಡದೆಂದುಕೊಂಡಿದ್ದ ಎಲ್ಲವೂ ಕರಗಿಹೋದವು. ಉಳಿದದ್ದು ಎತ್ತ ನೋಡಿದರೂ ಕೆಂಪು ಬಯಲು. ರನ್‌ವೇ ಎಲ್ಲಿ ಎಂದು ಹುಡುಕಿದ. ಉಗುರಿನಲ್ಲಿ ಗೀಚಿದಷ್ಟು ಸಣ್ಣ ಗೆರೆ. ಹೆದರಿ ಸಾಯುತ್ತಿದ್ದರೂ ಈ ಹೆಂಗಸು ಕೆಳಗೆ ಯಾರೋ ದಾರಿ ಬಿಡಿಸಿಟ್ಟಿರುತ್ತಾರೆಂದು ನಂಬಿ ಆ ಗೆರೆಯ ಮೇಲೆ ಇಳಿದು ಬಂದಿದ್ದರು, ಅವನ ಒಂದು ಹಾಳು ಹಲ್ಲಿಗೋಸ್ಕರ.

ಮುಂದಿನ ಎಸ್ಟೇಟು ಹತ್ತಿರವಾಗಿ ವಿಮಾನ ಮೂತಿ ತಗ್ಗಿಸಿತು. ಡಾಕ್ಟರು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ನೀವು ಕಣ್ಣು ಮುಚ್ಕೊಳ್ಳಿ ಡಾಕ್ಟ್ರೇ," ಎಂದ ಕ್ಲೆಮ್, ಹತ್ತಿಯ ಸಂದಿಯಿಂದ. "ದನ ಇದ್ರೆ ನಾನು ನೋಡ್ತೀನಿ."

ಅವನಿಗೂ ಕಣ್ಣು ಮುಚ್ಚಿಕೊಳ್ಳಬೇಕೆಂದು ಜೀವ ಹಾತೊರೆಯುತ್ತಿತ್ತು. ಆದರೂ ಚಕ್ರ ನೆಲ ಮುಟ್ಟುವ ತನಕ ರೆಪ್ಪೆ ಬಡಿಯದೆ ಕೆಳಗೆ ನೋಡುತ್ತಲೇ ಕೂತಿದ್ದ.