ಕೂಗದ ಕುಕ್ಕರ್

ಕುಕ್ಕರ್ ಕೂಗು ಕೇಳಿ ಎಷ್ಟೋ ದಿನವಾಯಿತೆಂದು ಹನುಮಮ್ಮನಿಗೆ ಹೊಳೆದದ್ದು ಸಿಲಿಂಡರ್ ಅಲುಗಾಡಿಸಿ ನೋಡಿದಾಗ. ಯುಗಾದಿಗೆ ಮೊದಲು ತಂದದ್ದು ಇನ್ನೂ ಭಾರವಾಗಿಯೇ ಇತ್ತು. ಹಾಗಂತ ಮನೆಯಲ್ಲಿ ಊಟಕ್ಕೇನೂ ಕಮ್ಮಿಯಿರಲಿಲ್ಲ. ಸೊಸೆ ದೇವಿಕಾ ತಾಳ್ಯದ ಅಂಗನವಾಡಿಯಲ್ಲಿ ಸಹಾಯಕಿ. ಮಧ್ಯಾಹ್ನ ಬಂದವಳೇ ಕೈಕಾಲು ತೊಳೆದು ಹಿಂದಿನ ಕೋಣೆಗೆ ಹೋಗುತ್ತಿದ್ದಳು; ಹಬೆಯಾಡುವ ಪಾತ್ರೆ ಹಿಡಿದು ಆಚೆ ಬರುತ್ತಿದ್ದಳು. ಹುರುಳಿಕಾಳು ಬೆಣ್ಣೆಯ ಹಾಗೆ ಬೆಂದಿರುತ್ತಿತ್ತು.

ಒಲೆ ಹಚ್ಚದೆ ಬಿಸಿ ಸಾರು ಎಲ್ಲಿಂದ ಬರಬೇಕು? ಮಧ್ಯಾಹ್ನ ಊಟಕ್ಕೆ ಕುಳಿತಾಗ ಉತ್ತರ ಹೊಳೆದು, ಹನುಮಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಅಂಗನವಾಡಿ ಮಕ್ಕಳಿಗೆ ಬೇಯಿಸಿದ್ದನ್ನು ಸೊಸೆ ಚೀಲದಲ್ಲಿ ಮರೆಮಾಡಿ ತರುತ್ತಿದ್ದಾಳೆ! ಎಳೆ ಮಕ್ಕಳ ಪಾಲು ತನ್ನ ತಟ್ಟೆಗೆ ಬರುತ್ತಿದೆ.

"ಯಾಕೆ ಅತ್ತೆ, ಉಪ್ಪು ಕಮ್ಮಿ ಆಯ್ತಾ?"

"ಹಸಿವಿಲ್ಲ ಕಣವ್ವ," ಎಂದು ತಟ್ಟೆ ಸರಿಸಿದಳು.

ಸಂಜೆ ಗಂಡ ಎತ್ತಪ್ಪ ಕುರಿ ರೊಪ್ಪದಿಂದ ಗೊಣಗುತ್ತಾ ಬಂದ. "ಕಂಬಳಿ ನೇಯ್ಸಾಕೆ ಅಂತ ಇಟ್ಟಿದ್ದ ಉಣ್ಣೆ ಎಲ್ಲೇ? ಮೂಟೆ ಅರ್ಧಕ್ಕರ್ಧ ಖಾಲಿ ಐತೆ!"

ಹನುಮಮ್ಮ ಹಿಂದಿನ ಕೋಣೆಯತ್ತ ತಿರುಗಿ ನೋಡಿದಳು. ಮಕ್ಕಳ ಊಟ ಆಯಿತು, ಈಗ ಉಣ್ಣೆ. ಸೊಸೆಯ ಕೈ ಎಲ್ಲಿಯವರೆಗೆ ಚಾಚಿದೆಯೋ!

ಮರುದಿನ ಹೊಲಕ್ಕೆ ಹೊರಟಂತೆ ಮಾಡಿ ಹಿತ್ತಲ ಬಾಗಿಲ ಮರೆಯಲ್ಲಿ ನಿಂತಳು. ದೇವಿಕಾ ನೆನೆಸಿದ ಹುರುಳಿಕಾಳನ್ನು ಒಲೆಗಿಟ್ಟು, ಚೆನ್ನಾಗಿ ಕುದಿ ಬಂದ ಸ್ವಲ್ಪ ಹೊತ್ತಿಗೇ ಗ್ಯಾಸ್ ಆರಿಸಿದಳು. ಮುಚ್ಚಿದ ಪಾತ್ರೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಕೋಣೆಗೆ ಹೋದಳು. ಬರಿಗೈಯಲ್ಲಿ ಬಂದು ಕೆಲಸಕ್ಕೆ ನಡೆದಳು.

ಹನುಮಮ್ಮ ಕೋಣೆಗೆ ನುಗ್ಗಿದಳು. ಹಳೆಯ ಮರದ ಪೆಟ್ಟಿಗೆಯಲ್ಲಿ ಮೇಲೊಂದು ಕಂಬಳಿ, ಕೆಳಗೆ ಒತ್ತೊತ್ತಾಗಿ ತುಂಬಿದ ಉಣ್ಣೆ, ಅದರ ನಡುವೆ ಪಾತ್ರೆ. "ಕಳ್ಳಿ!" ಎಂದಳು. ಆದರೆ ಬೇಯದ ಕಾಳನ್ನು ಉಣ್ಣೆಯಲ್ಲಿ ಹೂತಿಡುವುದೇಕೆ? ಮಾಟವೇ, ಮದ್ದೇ? ಮುಚ್ಚಳ ತೆಗೆದಳು. ಉಣ್ಣೆಯನ್ನೆಲ್ಲ ಕಿತ್ತು ತಳ ತಡವಿದಳು. ಏನೂ ಸಿಗಲಿಲ್ಲ. ಪಾತ್ರೆಯನ್ನು ಪಕ್ಕಕ್ಕಿಟ್ಟುಕೊಂಡು ಬಹಳ ಹೊತ್ತು ಯೋಚಿಸುತ್ತಾ ಕುಳಿತಳು. ಆಮೇಲೆ ಎಲ್ಲವನ್ನೂ ಹೇಗೋ ತುರುಕಿ, ಕಂಬಳಿ ಮಡಿಚಿ ಹೊದಿಸಿದಳು.

ಮಧ್ಯಾಹ್ನ ಎತ್ತಪ್ಪ ಒಂದು ತುತ್ತು ಜಗಿದು ದವಡೆ ಹಿಡಿದುಕೊಂಡ. ಕಾಳು ಕಲ್ಲಾಗಿತ್ತು.

"ಯಾರೋ ಪೆಟ್ಟಿಗೆ ತೆಗ್ದವ್ರೆ," ಎಂದಳು ದೇವಿಕಾ.

"ಬೆಕ್ಕಿರ್ಬೇಕು."

"ಬೆಕ್ಕು ಕಂಬಳಿ ಮಡಿಚಿ ಇಡ್ತತಾ ಅತ್ತೆ?"

ಈಗ ಅನುಮಾನದ ಕಣ್ಣು ಸೊಸೆಯದಾಗಿತ್ತು. ಹನುಮಮ್ಮನಿಗೆ ರೇಗಿತು. "ಉಣ್ಣೆ ಕದ್ದೋಳು ನೀನು, ನನ್ನೇ ಕೇಳ್ತೀಯಾ? ದಿನಾ ಆ ಬಿಸಿ ಸಾರು ಎಲ್ಲಿಂದ ತರ್ತೀಯ, ಅದನ್ನ ಹೇಳು ಮೊದ್ಲು! ಪೆಟ್ಟಿಗೆಯ ಹಸಿ ಕಾಳು ಬರೀ ಕಣ್ಕಟ್ಟು, ಸಾರು ಅಂಗನವಾಡಿ ಮಕ್ಳದಲ್ವಾ?"

ದೇವಿಕಾಳ ಮುಖ ಬಿಳಿಚಿಕೊಂಡಿತು. "ಮಕ್ಳ ಅನ್ನ ಕದೀತೀನಿ ಅಂದ್ಕಂಡ್ರಾ?" ಎಂದವಳಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಹೇಳಿದಳು: "ಕುದಿ ಬಂದ್ಮೇಲೆ ಗ್ಯಾಸ್ ಸುಮ್ನೆ ಉರೀಬಾರ್ದು ಅತ್ತೆ. ಬಿಸಿ ಆಚೆ ಹೋಗ್ದಂಗೆ ಉಣ್ಣೆ ಹಿಡ್ಕಂತತೆ, ಆ ಬಿಸಿಗೇ ಕಾಳು ಬೇಯ್ತತೆ. ನಡುವೆ ತೆಗೆದ್ರೆ ಕೆಡ್ತತೆ. ಹೇಳಿದ್ರೆ ನಗ್ತೀರಿ, ಉಣ್ಣೆ ಕೇಳಿದ್ರೆ ಬೈತೀರಿ ಅಂತ ಸುಮ್ನಿದ್ದೆ."

"ಒಲೆ ಇಲ್ದೆ ಕಾಳು ಬೇಯ್ತತಂತೆ! ಕೈಯಾರೆ ಮಾಡ್ದೆ ನಾ ನಂಬಲ್ಲ," ಎಂದಳು ಹನುಮಮ್ಮ. ಆದರೆ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಮರುದಿನ ಅವಳೇ ಕುದಿಸಿದಳು, ಅವಳೇ ಉಣ್ಣೆ ಒತ್ತಿದಳು. ಸೊಸೆ ಹೋದ ಮೇಲೆ ಕೋಣೆಯ ಹೊಸ್ತಿಲಲ್ಲೇ ಕುಳಿತಳು. ಮಾತಾಡಲು ಬಂದ ಪಕ್ಕದ ಮನೆಯವಳನ್ನೂ ಒಳಗೆ ಬಿಡಲಿಲ್ಲ. ಎಷ್ಟೋ ಸಲ ಕೈ ಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂತು.

"ನೀನೇ ತೆಗಿ," ಎಂದಳು ಹನುಮಮ್ಮ, ದೇವಿಕಾ ಬಂದಾಗ.

ಮುಚ್ಚಳ ತೆಗೆದೊಡನೆ ಹಬೆ ಮುಖಕ್ಕೆ ಬಡಿಯಿತು. ಹನುಮಮ್ಮ ಒಂದು ಕಾಳನ್ನು ಬೆರಳಲ್ಲಿ ಹಿಸುಕಿದಳು. ಬೆಣ್ಣೆಯ ಹಾಗೆ ನುಣ್ಣಗಾಯಿತು. ತಟ್ಟೆ ತಂದು ಮೊದಲು ಸೊಸೆಗೆ ಬಡಿಸಿದಳು.

"ತಪ್ಪಾತು ಕಣವ್ವ. ಉಣ್ಣು."

ದೇವಿಕಾ ತಲೆತಗ್ಗಿಸಿ ಉಂಡಳು. ಆದರೆ ಅವಳು ಮತ್ತೆ ನಗುನಗುತ್ತಾ ಅತ್ತೆಯ ಜೊತೆ ಮಾತಾಡಲು ಇನ್ನೂ ಕೆಲವು ದಿನ ಬೇಕಾದವು.